ಭೌತವಿಜ್ಞಾನದ ಪ್ರಯೋಗ ಪೆಟ್ಟಿಗೆ: ಉಪಕರಣಗಳು ಉತ್ತಮ, ಕೈಪಿಡಿಗೆ ತಿದ್ದುಪಡಿ ಬೇಕು

ತೀರ್ಥಹಳ್ಳಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಬೋಧಿಸುವ ನಾನು, ಒಂಬತ್ತನೆಯ ತರಗತಿಯ ಮಕ್ಕಳಿಗಾಗಿ ಶಿವಮೊಗ್ಗದ ದುರ್ಗಿಗುಡಿಯ ಅಂಗಡಿಯೊಂದರಿಂದ ಚಲನೆ, ಶಕ್ತಿ ಮತ್ತು ತರಂಗಗಳ ಪ್ರಯೋಗ ಪೆಟ್ಟಿಗೆಯನ್ನು ತಂದು ಈ ಮಳೆಗಾಲವಿಡೀ ಬಳಸಿದ್ದೇನೆ. ಲೋಲಕದ ಗುಂಡು ಮತ್ತು ದಾರ, ಇಳಿಜಾರಿಗೆ ಮರದ ಹಲಗೆ, ಉಕ್ಕಿನ ಗೋಲಿ, ಉದ್ದನೆಯ ಸುರುಳಿ ಸ್ಪ್ರಿಂಗ್, 512 ಹರ್ಟ್ಸ್‌ನ ಶ್ರುತಿಕವೆ (ಬಡಿದಾಗ ಸೆಕೆಂಡಿಗೆ 512 ಬಾರಿ ಕಂಪಿಸಿ ನಾದ ಹೊಮ್ಮಿಸುವ ಲೋಹದ ಕವೆ), ಪ್ಲಾಸ್ಟಿಕ್ ಕೊಳವೆ ಮತ್ತು ಕನ್ನಡದ ಕೈಪಿಡಿ ಇದರಲ್ಲಿವೆ.

ಪೆಟ್ಟಿಗೆಗೆ ಕೊಟ್ಟ ಹಣ ಸಾರ್ಥಕವೆನಿಸಿದ್ದು ಶಬ್ದದ ಪ್ರಯೋಗದಲ್ಲಿ. ಕೊಳವೆಯನ್ನು ನೀರಿನಲ್ಲಿ ಮುಳುಗಿಸಿ, ರಬ್ಬರ್ ತುಂಡಿಗೆ ಬಡಿದ ಶ್ರುತಿಕವೆಯನ್ನು ಅದರ ಬಾಯಿಯ ಮೇಲೆ ಹಿಡಿದು, ಕೊಳವೆಯನ್ನು ನಿಧಾನವಾಗಿ ಮೇಲೆತ್ತುತ್ತಾ ಹೋದರೆ, ನೀರಿನ ಮೇಲಿನ ಭಾಗ ಸುಮಾರು 16 ಸೆಂಟಿಮೀಟರ್ ಆದಾಗ ಕ್ಷೀಣವಾಗಿದ್ದ ನಾದ ಇದ್ದಕ್ಕಿದ್ದಂತೆ ತುಂಬಿಕೊಂಡು ಹಿಂದಿನ ಬೆಂಚಿನವರಿಗೂ ಕೇಳಿಸುತ್ತದೆ. ಇನ್ನೂ ಎತ್ತಿದರೆ 50 ಸೆಂಟಿಮೀಟರಿನ ಆಸುಪಾಸಿನಲ್ಲಿ ಅದು ಮತ್ತೊಮ್ಮೆ ಮೊಳಗುತ್ತದೆ. ಈ ಎರಡು ಅಳತೆಗಳ ವ್ಯತ್ಯಾಸವೇ ಅರ್ಧ ತರಂಗದ ಉದ್ದವಾದ್ದರಿಂದ, ಅದನ್ನು ಇಮ್ಮಡಿಸಿ ಶ್ರುತಿಕವೆಯ ಆವೃತ್ತಿಯಿಂದ, ಅಂದರೆ 512ರಿಂದ, ಗುಣಿಸಿದರೆ ಶಬ್ದದ ವೇಗ ದೊರೆಯುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಸೆಕೆಂಡಿಗೆ ಸುಮಾರು 346 ಮೀಟರ್. ಮಕ್ಕಳು ಅಡಿಪಟ್ಟಿಯಿಂದ ಅಳೆದು ಪಡೆದ ಉತ್ತರ ಇದರ ಹತ್ತಿರಕ್ಕೇ ಬಂದಿತು. ಬಕೆಟ್ಟಿನ ಆಳ ಇದಕ್ಕೆ ಸಾಲದು, ನೀರಿನ ಡ್ರಮ್ ಬೇಕು ಎಂಬುದನ್ನು ಮಾತ್ರ ಕೈಪಿಡಿ ತಿಳಿಸುವುದಿಲ್ಲ.

ಲೋಲಕವೂ ನಂಬಿಕೆಗೆ ಅರ್ಹವಾಗಿದೆ. ಗುಂಡಿನ ಮಧ್ಯಬಿಂದುವಿನವರೆಗೆ ಉದ್ದ ಒಂದು ಮೀಟರ್ ಇದ್ದರೆ 20 ಆಂದೋಲನಗಳಿಗೆ 40 ಸೆಕೆಂಡು, ಕಾಲು ಮೀಟರ್ ಇದ್ದರೆ ಅದರ ಅರ್ಧ ಸಮಯ ಸಾಕು. ಹೆಚ್ಚು ದೂರ ಎಳೆದು ಬಿಡಬಾರದೆಂದು ಕೈಪಿಡಿ ಎಚ್ಚರಿಸುತ್ತದೆ, ಕಾರಣ ಕೊಡುವುದಿಲ್ಲ. 60 ಡಿಗ್ರಿಗೆ ಎಳೆದು ಬಿಟ್ಟರೆ ಆಂದೋಲನದ ಅವಧಿ ಶೇಕಡಾ 7ರಷ್ಟು ಹೆಚ್ಚುತ್ತದೆ ಎಂದು ಒಂದು ಸಾಲು ಸೇರಿಸಿದ್ದರೆ ಸಾಕಿತ್ತು.

ನನ್ನ ಗಂಭೀರ ಆಕ್ಷೇಪವಿರುವುದು ಶಕ್ತಿಯ ಅಧ್ಯಾಯದ ಬಗ್ಗೆ. ಹಲಗೆಯ ಮೇಲೆ 10 ಸೆಂಟಿಮೀಟರ್ ಎತ್ತರದಿಂದ ಉರುಳುವ ಗೋಲಿಯ ಪ್ರಚ್ಛನ್ನ ಶಕ್ತಿಯೆಲ್ಲವೂ (ಎತ್ತರದಲ್ಲಿರುವುದರಿಂದ ಅದರಲ್ಲಿ ಅಡಗಿರುವ ಶಕ್ತಿ) ಮುಂದಕ್ಕೆ ಸಾಗುವ ಚಲನಶಕ್ತಿಯಾಗುತ್ತದೆ, ಆದ್ದರಿಂದ ತಳದಲ್ಲಿ ಅದರ ವೇಗ ಸೆಕೆಂಡಿಗೆ 1.4 ಮೀಟರ್ ಇರಬೇಕು ಎಂದು ಅಲ್ಲಿ ಬರೆದಿದೆ. ನಾವು ಅಳೆದಾಗ 1.2 ಮೀಟರನ್ನು ದಾಟಲೇ ಇಲ್ಲ. ಕೊರತೆಗೆ ಘರ್ಷಣೆ ಕಾರಣವೆಂದು ಕೈಪಿಡಿ ಹೇಳುತ್ತದೆ, ಮಕ್ಕಳೂ ಹಾಗೆಯೇ ಬರೆದುಕೊಳ್ಳುತ್ತಾರೆ. ಆದರೆ ಉರುಳುವ ಗೋಲಿ ಮುಂದೆ ಸಾಗುವುದರ ಜೊತೆಗೆ ತನ್ನ ಸುತ್ತ ತಿರುಗುತ್ತಲೂ ಇರುತ್ತದೆ. ಜಾರದೆ ಉರುಳುವ ಘನ ಗೋಳದ ಒಟ್ಟು ಚಲನಶಕ್ತಿಯ ಏಳರಲ್ಲಿ ಎರಡು ಪಾಲು ಈ ತಿರುಗುವಿಕೆಯಲ್ಲಿಯೇ ಇರುತ್ತದೆ. ಆ ಪಾಲನ್ನು ಕಳೆದು ಲೆಕ್ಕ ಹಾಕಿದರೆ ಬರುವುದು ಸುಮಾರು 1.18 ಮೀಟರ್, ಅಂದರೆ ಮಕ್ಕಳ ಅಳತೆ ಸರಿಯಾಗಿಯೇ ಇತ್ತು. ಸರಿಯಾಗಿ ಅಳೆದ ಮಗುವಿಗೆ ತನ್ನ ಫಲಿತಾಂಶದಲ್ಲಿ ದೋಷವಿದೆ ಎನ್ನಿಸುವ ಪಾಠವನ್ನು ತಯಾರಕರು ಮುಂದಿನ ಮುದ್ರಣದಲ್ಲಿ ತಿದ್ದಲೇಬೇಕು.

ಇದೇ ಅಧ್ಯಾಯ ಉದಾಹರಣೆಗೆಂದು ರೋಲರ್ ಕೋಸ್ಟರನ್ನು ಆರಿಸಿಕೊಂಡಿದೆ. ನಮ್ಮ ಮಕ್ಕಳು ಅದನ್ನು ಕಂಡಿಲ್ಲ, ಜೋಗವನ್ನು ಕಂಡಿದ್ದಾರೆ. 253 ಮೀಟರ್ ಎತ್ತರದಿಂದ ಬೀಳುವ ಒಂದು ಕಿಲೋಗ್ರಾಂ ನೀರು ಸುಮಾರು 2,480 ಜೂಲ್ ಪ್ರಚ್ಛನ್ನ ಶಕ್ತಿ ಕಳೆದುಕೊಳ್ಳುತ್ತದೆ. ಅದೆಲ್ಲವೂ ಆ ನೀರಿನಲ್ಲೇ ಶಾಖವಾಗಿ ಉಳಿದರೆ ಉಷ್ಣತೆ ಏರುವುದು ಕೇವಲ 0.6 ಡಿಗ್ರಿಯಷ್ಟು. ನದಿಯ ನೀರಿನ ಇದೇ ಶಕ್ತಿಯನ್ನು ಟರ್ಬೈನಿಗೆ ತಿರುಗಿಸಿ 1,035 ಮೆಗಾವ್ಯಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರ ಕೆಲಸ ಮಾಡುತ್ತಿದೆ ಎಂದು ನಾನು ಹೇಳಿದ ಮೇಲೆಯೇ ತರಗತಿಯಲ್ಲಿ ಪ್ರಶ್ನೆಗಳು ಶುರುವಾದವು.

ಸುರುಳಿ ಸ್ಪ್ರಿಂಗಿನಲ್ಲಿ ಅಡ್ಡ ತರಂಗ (ಸುರುಳಿ ಪಕ್ಕಕ್ಕೆ ಅಲುಗುವುದು), ನೀಳ ತರಂಗ (ಸುರುಳಿ ತನ್ನ ಉದ್ದಕ್ಕೇ ಹಿಂದೆ ಮುಂದೆ ಅಲುಗುವುದು) ಎರಡೂ ಸ್ಪಷ್ಟವಾಗಿ ಕಾಣುತ್ತವೆ. ಆದರೆ ಮಲೆನಾಡಿನ ತೇವಕ್ಕೆ ಅದು ಆಷಾಢದೊಳಗೇ ತುಕ್ಕು ಹಿಡಿಯತೊಡಗಿತು, ಹಲಗೆಯೂ ಸ್ವಲ್ಪ ಸೊಟ್ಟಗಾಯಿತು. ಕೊಳ್ಳುವವರು ಸ್ಪ್ರಿಂಗಿಗೆ ತೆಳುವಾಗಿ ಎಣ್ಣೆ ಸವರಿ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡುವುದು ಒಳ್ಳೆಯದು. ಹಲಗೆಯ ಬದಲು ಅಲ್ಯೂಮಿನಿಯಂ ಪಟ್ಟಿ ಸಿಗುವುದಾದರೆ ಅಂಗಡಿಯಲ್ಲಿ ಅದನ್ನೇ ಕೇಳಿ ಪಡೆಯಿರಿ.