ಪೆನ್ನು ರಿಪೇರಿಯ ಮೇಜು ಮತ್ತು ನೆರಳಿಲ್ಲದ ದೀಪ: ಎರಡೂವರೆ ವರ್ಷದ ಬಳಕೆಯ ನಂತರ

ಸಾಗರದ ನಮ್ಮ ಮನೆಯಲ್ಲಿ, ಪೂರ್ವದ ಕಿಟಕಿಯ ಕೆಳಗೆ, ಫೌಂಟನ್ ಪೆನ್ನುಗಳ ರಿಪೇರಿಗೆಂದೇ ಒಂದು ಮೇಜು ಹಾಕಿಕೊಂಡು ಎರಡೂವರೆ ವರ್ಷವಾಯಿತು. ನೆಂಟರ, ಸಹೋದ್ಯೋಗಿಗಳ, ಊರಿನ ಹಿರಿಯ ಮೇಷ್ಟ್ರುಗಳ ಪೆನ್ನುಗಳು ಸೇರಿ ನೂರರ ಹತ್ತಿರ ಪೆನ್ನುಗಳನ್ನು ಇದರ ಮೇಲೆ ಬಿಚ್ಚಿ ಜೋಡಿಸಿದ್ದೇನೆ. ಇದುವರೆಗಿನ ಒಟ್ಟು ಖರ್ಚು ಸುಮಾರು 11,000 ರೂಪಾಯಿ. ಅದರಲ್ಲಿ 3,200 ರೂಪಾಯಿ ಒಂದೇ ವಸ್ತುವಿಗೆ ಹೋಯಿತು. ಅದು ಭೂತಗನ್ನಡಿಯ ಸುತ್ತ ಬಳೆಯಂತೆ ಎಲ್‌ಇಡಿ ಜೋಡಿಸಿರುವ, ಮೇಜಿನ ಅಂಚಿಗೆ ಬಿಗಿಯುವ ದೀಪ. ಈ ವಿಮರ್ಶೆ ಬರೆಯಲು ಕುಳಿತದ್ದು ಮುಖ್ಯವಾಗಿ ಆ ದೀಪದ ಕಾರಣಕ್ಕೆ.

ಮೇಜಿನ ಬಗ್ಗೆ ಹೇಳುವುದು ಸ್ವಲ್ಪವೇ ಇದೆ. ಹೊಲಿಗೆ ಯಂತ್ರ ಹೋದ ಮೇಲೆ ಉಳಿದಿದ್ದ ಹಲಸಿನ ಮರದ ಮೇಜು ಅದು. ಬರೆಯುವ ಮೇಜಿನಂತೆ 75 ಸೆಂಟಿಮೀಟರ್ ಎತ್ತರವಿತ್ತು. ಮೊದಲ ತಿಂಗಳಲ್ಲೇ ಕತ್ತು ನೋವು ಶುರುವಾದದ್ದರಿಂದ ನಾಲ್ಕೂ ಕಾಲುಗಳಿಗೆ 15 ಸೆಂಟಿಮೀಟರಿನ ಮರದ ತುಂಡುಗಳನ್ನು ಕೊಟ್ಟು ಎತ್ತರಿಸಿದೆ. ಕೆಲಸ ಕಣ್ಣಿನ ಹತ್ತಿರಕ್ಕೆ ಬರಬೇಕೇ ಹೊರತು ಕಣ್ಣು ಕೆಲಸದ ಹತ್ತಿರಕ್ಕೆ ಬಗ್ಗಬಾರದು. ಮೇಜಿನ ಮೇಲೆ ಅಂಚಿರುವ ಸ್ಟೀಲ್ ತಟ್ಟೆ, ಅದರೊಳಗೆ ಹಳೆಯ ಬಿಳಿ ಪಂಚೆಯ ತುಂಡು ಇರುತ್ತವೆ. ಕೈಜಾರಿದ ಭಾಗ ಉರುಳಿ ನೆಲ ಸೇರದಿರಲು ಇದಕ್ಕಿಂತ ಒಳ್ಳೆಯ ಏರ್ಪಾಡು ನನಗೆ ಸಿಕ್ಕಿಲ್ಲ.

ಮೊದಲ ಬೇಸಿಗೆಯಲ್ಲಿ ದೀಪದ ಅಗತ್ಯವೇ ಕಾಣಲಿಲ್ಲ. ಬೆಳಗ್ಗೆ ಏಳರಿಂದ ಎಂಟೂವರೆಯವರೆಗೆ, ಕಚೇರಿಗೆ ಹೊರಡುವ ಮುನ್ನ, ಕಿಟಕಿಯಿಂದ ಓರೆಯಾಗಿ ಬೀಳುವ ಬಿಸಿಲಿನಲ್ಲಿ ಕೆಲಸ ಸಾಗುತ್ತಿತ್ತು. ಜೂನ್ ತಿಂಗಳಲ್ಲಿ ಮಳೆ ಹಿಡಿಯಿತು. ನಮ್ಮ ಕಡೆಯ ಮಳೆಗಾಲ ಕಂಡವರಿಗೆ ವಿವರಿಸಬೇಕಾಗಿಲ್ಲ. ಹಗಲು ಹತ್ತು ಗಂಟೆಗೂ ದೀಪ ಹಾಕಿಕೊಂಡೇ ಓದುವ ದಿನಗಳವು. ಬೆಳಕನ್ನೂ ಹಿಗ್ಗಿಸಿದ ನೋಟವನ್ನೂ ಒಟ್ಟಿಗೆ ಕೊಡುವ ದೀಪವೊಂದನ್ನು ಆಗ ತರಿಸಿದೆ. 'ನೆರಳಿಲ್ಲದ ಬೆಳಕು' ಎಂಬುದೇ ಅದರ ಹೆಗ್ಗಳಿಕೆಯಾಗಿತ್ತು. ಗಾಜು ಚೊಕ್ಕವಾಗಿದೆ, ತೋಳು ನಿಲ್ಲಿಸಿದಲ್ಲಿ ನಿಲ್ಲುತ್ತದೆ, ಬೆಳಕು ಕಣ್ಣು ಕುಕ್ಕುವುದಿಲ್ಲ. ಮೊದಲ ಎರಡು ವಾರ ನನಗೆ ಅದರ ಮೇಲೆ ಪ್ರೀತಿಯೇ ಇತ್ತು.

ಮೂರನೆಯ ವಾರ ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಒಂದು ಪೆನ್ನು ಕೊಟ್ಟರು. ರಾಜಮಂಡ್ರಿಯಲ್ಲಿ ಕೈಯಿಂದ ಕಡೆದ, ಡ್ರಾಪರಿನಲ್ಲಿ ಮಸಿ ತುಂಬುವ ಎಬೊನೈಟ್, ಅಂದರೆ ಗಟ್ಟಿ ರಬ್ಬರಿನ, ಪೆನ್ನು. ಕಾಗದವನ್ನು ಗೀರುತ್ತದೆ ಎಂಬುದು ಅವರ ದೂರು. ದೀಪದ ಕೆಳಗೆ ನಿಬ್ಬನ್ನು ಹಿಡಿದು ನೋಡಿದೆ. ಸೀಳಿನ ಎರಡೂ ಕಡೆ ಸಮವಾಗಿಯೇ ಕಂಡವು. ಹಾಗಾದರೆ ತುದಿ ಒರಟಾಗಿರಬೇಕು ಎಂದು ತೀರ್ಮಾನಿಸಿ 12,000 ಗ್ರಿಟ್ಟಿನ ಮೈಕ್ರೋಮೆಶ್ ಎಂಬ ಬಲು ನಯವಾದ ಉಜ್ಜುಹಾಳೆಯ ಮೇಲೆ ಎಂಟಿನ ಆಕಾರದಲ್ಲಿ ತಿರುಗಿಸತೊಡಗಿದೆ. ಗೀರುವುದು ನಿಲ್ಲಲಿಲ್ಲ, ಇನ್ನಷ್ಟು ತಿರುಗಿಸಿದೆ. ಅರ್ಧ ಗಂಟೆಯ ಮೇಲೆ ತುದಿಯ ಒಂದು ಮಗ್ಗುಲು ಚಪ್ಪಟೆಯಾಗಿತ್ತು. ನಿಬ್ಬಿನ ತುದಿಯಲ್ಲಿ ಕೂರಿಸಿರುವುದು ಪ್ಲಾಟಿನಂ ಗುಂಪಿನ ಗಟ್ಟಿ ಲೋಹಗಳ ಒಂದು ಕಣ; ಅದನ್ನು ಸವೆಸಬಹುದು, ಮನೆಯ ಮೇಜಿನ ಮೇಲೆ ಮತ್ತೆ ಕೂರಿಸಲಾಗುವುದಿಲ್ಲ. ಹೊಸ ನಿಬ್ಬು ತರಿಸಿ ಹಾಕಿ ಪೆನ್ನನ್ನು ಹಿಂದಿರುಗಿಸಿದೆ. "ಬರೀತದಲ್ಲ ಮಾರಾಯ, ಸಾಕು" ಎಂದರು ಮೇಷ್ಟ್ರು. ಅವರ ಕೈಬರಹಕ್ಕೆ ಮೂವತ್ತು ವರ್ಷ ಒಗ್ಗಿಕೊಂಡಿದ್ದ ನಿಬ್ಬು ನನ್ನ ಕೈಯಲ್ಲಿ ಹಾಳಾಯಿತು ಎಂಬುದು ಇಂದಿಗೂ ನನ್ನನ್ನು ನೋಯಿಸುತ್ತದೆ.

ಕಾರಣ ತಿಳಿದದ್ದು ಸೆಪ್ಟೆಂಬರಿನಲ್ಲಿ, ಮಳೆ ಬಿಟ್ಟು ಕಿಟಕಿಗೆ ಬಿಸಿಲು ಮರಳಿದ ಒಂದು ಬೆಳಗ್ಗೆ. ತೆಗೆದಿಟ್ಟಿದ್ದ ಹಳೆಯ ನಿಬ್ಬನ್ನು ಹತ್ತು ಪಟ್ಟು ಹಿಗ್ಗಿಸುವ ಪುಟ್ಟ ಭೂತಗನ್ನಡಿಯಾದ ಲೂಪಿನಲ್ಲಿ, ತುದಿ ನನ್ನ ಕಡೆಗಿರುವಂತೆ ಹಿಡಿದು ನೋಡಿದೆ. ನಿಬ್ಬಿನ ತುದಿ ಹೀಗೆ ಕಾಣುವಾಗ ಕಡಲೆ ಒಡೆದ ಎರಡು ಬೇಳೆಗಳನ್ನು ಮತ್ತೆ ಒತ್ತಿಟ್ಟಂತೆ ಇರುತ್ತದೆ. ನಡುವಿನ ಸೀಳೇ ಮಸಿಯ ದಾರಿ. ಆ ನಿಬ್ಬಿನಲ್ಲಿ ಒಂದು ಬೇಳೆ ಕೂದಲೆಳೆಯಷ್ಟು ಕೆಳಗೆ ಜಾರಿತ್ತು, ಅದರ ಮೇಲೆ ಇನ್ನೊಂದರ ನೆರಳು ಕಪ್ಪು ಗೆರೆಯಾಗಿ ಬಿದ್ದಿತ್ತು. ಅದೇ ನಿಬ್ಬನ್ನು ಬಳೆದೀಪದ ಕೆಳಗೆ ಹಿಡಿದೆ, ಗೆರೆ ಮಾಯವಾಯಿತು. ಸುತ್ತಲಿಂದ ಸಮನಾಗಿ ಬರುವ ಬೆಳಕು ಆ ಮೆಟ್ಟಿಲಿನ ನೆರಳನ್ನು ಅಳಿಸಿಬಿಡುತ್ತದೆ. ಸಾಲದ್ದಕ್ಕೆ ಹೊಳಪಿನ ಲೋಹದ ಮೇಲೆ ದೀಪದ ಬಳೆಯೇ ಬಿಳಿಯ ಉಂಗುರವಾಗಿ ಪ್ರತಿಫಲಿಸಿ, ನೋಡಬೇಕಾದ ಜಾಗವನ್ನೇ ಮುಚ್ಚುತ್ತದೆ. ಗೀರುವ ಪೆನ್ನುಗಳಲ್ಲಿ ಬಹುಪಾಲಿನ ದೋಷ ಈ ಜಾರುವಿಕೆಯೇ. ಕೆಳಗಿಳಿದ ಕಡೆಯನ್ನು ಉಗುರಿನಿಂದ ಮೆಲ್ಲಗೆ ಮೇಲಕ್ಕೆತ್ತಿ, ಎರಡು ಉಸಿರಿನಷ್ಟು ಹೊತ್ತು ಹಿಡಿದು ಬಿಟ್ಟು, ಮತ್ತೆ ನೋಡಬೇಕು. ಉಜ್ಜುವ ಕೆಲಸ ಅದಾದ ಮೇಲೂ ಗೀರಿದರೆ ಮಾತ್ರ.

ಈಗ ನಿಬ್ಬು ನೋಡಲು ಬಳಸುವುದು 450 ರೂಪಾಯಿಯ, ಬಗ್ಗಿಸಬಹುದಾದ ಕತ್ತಿನ, ಒಂದೇ ಸಣ್ಣ ಬಲ್ಬಿನ ಟೇಬಲ್ ಲ್ಯಾಂಪ್. ಅದನ್ನು ಎಡಗಡೆ, ಕೈಯಷ್ಟೇ ಎತ್ತರಕ್ಕೆ ಬಗ್ಗಿಸಿ, ನಿಬ್ಬಿನ ಹಿಂದೆ ಒಂದು ಕಪ್ಪು ಕಾಗದ ನಿಲ್ಲಿಸಿದರೆ ಕಿಟಕಿಯ ಬೆಳಗಿನ ಬಿಸಿಲಿನಂತೆಯೇ ಬೆಳಕು ಓರೆಯಾಗಿ ಸವರಿಕೊಂಡು ಹೋಗುತ್ತದೆ. ಲೂಪನ್ನು ಕಣ್ಣಿಗೆ ಒತ್ತಿಕೊಂಡು ನಿಬ್ಬನ್ನು ಹತ್ತಿರ ತರಬೇಕು. ಸುಮಾರು ಎರಡೂವರೆ ಸೆಂಟಿಮೀಟರಿನಲ್ಲಿ ನೋಟ ನಿಚ್ಚಳವಾಗುತ್ತದೆ. ಈ ಲೂಪು ಬೆಂಗಳೂರಿನ ಅವೆನ್ಯೂ ರಸ್ತೆಯ ಕಡೆ, ಅಕ್ಕಸಾಲಿಗರ ಉಪಕರಣ ಮಾರುವ ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ನೋಡಿ ಕೊಂಡದ್ದು.

ಆದರೂ ಬಳೆದೀಪವನ್ನು ಮಾರಲಿಲ್ಲ. ಎರಡನೆಯ ಮಳೆಗಾಲದಲ್ಲಿ ಅದಕ್ಕೆ ತಕ್ಕ ಕೆಲಸ ಸಿಕ್ಕಿತು. ಪಕ್ಕದಲ್ಲಿ ಪಟ್ಟಿಯೆತ್ತಿ ಮಸಿ ತುಂಬುವ ಹಳೆಯ ಪೆನ್ನುಗಳೊಳಗೆ ರಬ್ಬರ್ ಚೀಲವೊಂದಿರುತ್ತದೆ. ದಶಕಗಳ ಮೇಲೆ ಅದು ಒಣಗಿ, ಹಪ್ಪಳದಂತೆ ಪುಡಿಯಾಗಿರುತ್ತದೆ. ಬೆರಳು ಹಿಡಿಯುವ ಭಾಗವನ್ನು ಹೇರ್ ಡ್ರೈಯರಿನಿಂದ ಹದವಾಗಿ ಬೆಚ್ಚಗೆ ಮಾಡಿ, ಜಗ್ಗದೆ, ತುಸುತುಸುವೇ ತಿರುಗಿಸಿ ಬಿಡಿಸುತ್ತೇನೆ. ಸೆಲ್ಯುಲಾಯ್ಡ್ ಎಂಬ ಹಳೆಯ ಬಗೆಯ ಪ್ಲಾಸ್ಟಿಕ್ಕಿನ ಪೆನ್ನಾದರೆ ಇನ್ನೂ ಎಚ್ಚರ ಬೇಕು, ಅದು ಬೆಂಕಿಗೆ ಬಲು ಬೇಗ ಹತ್ತಿಕೊಳ್ಳುವ ವಸ್ತು. ಆ ಭಾಗದ ಹಿಂತುದಿಯಲ್ಲಿ ಚೀಲ ಕೂರುವ ಸಣ್ಣ ತೊಟ್ಟಿಗೆ ಅಂಟಿದ ಹಳೆಯ ರಬ್ಬರನ್ನು ಬಿದಿರಿನ ಕಡ್ಡಿಯಿಂದ ಕೆರೆದು, ಹೊಸ ಚೀಲವನ್ನು ಅಳತೆಗೆ ಕತ್ತರಿಸಿ, ತೊಟ್ಟಿನ ಸುತ್ತ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನ ದ್ರಾವಣವನ್ನು ತೆಳುವಾಗಿ ಸವರಿ, ಚೀಲದ ಬಾಯಿಯನ್ನು ಹಿಗ್ಗಿಸಿ ತೊಡಿಸಬೇಕು. ಚೀಲದ ಸಂಖ್ಯೆ ಅದರ ಅಡ್ಡಳತೆ, ಇಂಚಿನ 64ನೇ ಭಾಗಗಳಲ್ಲಿರುತ್ತದೆ; 16 ಎಂದರೆ ಕಾಲು ಇಂಚು. ಇಲ್ಲಿ ನೆರಳು ಬೇಡ, ಎರಡು ಪಟ್ಟಿನ ನೋಟವೂ ಎರಡೂ ಕೈಗಳ ಬಿಡುವೂ ಬೇಕು. ಆ ದೀಪದ ಅಡಿಯಲ್ಲಿ ಈ ಕೆಲಸ ಮಾಡುವುದು ನಿಜಕ್ಕೂ ಸುಖ. ಹೊರಗೆ ಮಳೆ ಸುರಿಯುತ್ತಿರುವಾಗ ಸ್ಪಿರಿಟ್ಟು ಆರಿ, ಅರಗಿನ ಸಿಹಿ ವಾಸನೆ ಮೇಜಿನ ಸುತ್ತ ನಿಲ್ಲುತ್ತದೆ. ರಾತ್ರಿಯಿಡೀ ಒಣಗಲು ಬಿಟ್ಟು, ಬೆಳಗ್ಗೆ ಸುವಾಸನೆ ಬೆರೆಸದ ಟಾಲ್ಕ್ ಪುಡಿಯನ್ನು ಚೀಲಕ್ಕೆ ಲೇಪಿಸಿ ಒಳಗಿಳಿಸುತ್ತೇನೆ.

ಅರಗಿನ ಬದಲು ಕ್ಷಣದಲ್ಲಿ ಹಿಡಿಯುವ ಅಂಟನ್ನು ಯಾರೂ ಬಳಸಬಾರದು. ಚನ್ನಪಟ್ಟಣದ ಗೊಂಬೆಗಳಿಗೆ ಬಣ್ಣ ಹಿಡಿಸುವ ಅರಗು ಬಿಸಿಗೆ ಮೆದುವಾಗುತ್ತದೆ. ಮುಂದೆ ಇನ್ಯಾರೋ ಈ ಪೆನ್ನನ್ನು ಬಿಚ್ಚುವಾಗ ಅದು ಸಲೀಸಾಗಿ ಬಿಟ್ಟುಕೊಡುತ್ತದೆ; ಆ ಅಂಟು ಎಂದೂ ಬಿಡುವುದಿಲ್ಲ.

ಉಳಿದ ಸಾಮಾನುಗಳಲ್ಲಿ 0.05 ಮಿಲಿಮೀಟರಿನ ಹಿತ್ತಾಳೆ ಹಾಳೆ ಸೀಳಿನಲ್ಲಿ ಒಣಗಿದ ಮಸಿ ತೆಗೆಯಲು ಸಾಕು. ತೊಳೆಯಲು ರಬ್ಬರ್ ಬುರುಡೆಯ ಪಿಚಕಾರಿ ಮತ್ತು ತಣ್ಣೀರು ಸಾಕು. ಬಿಸಿನೀರು ತಾಗಿದರೆ ಎಬೊನೈಟಿನ ಕಪ್ಪು ಮಾಸಿ ಕಂದಾಗುತ್ತದೆ. ನನ್ನ ಬಜೆಟ್ಟಿನವರು ಮೊದಲು ಲೂಪನ್ನೂ ಒಂಟಿ ಬಲ್ಬಿನ ದೀಪವನ್ನೂ ಕೊಳ್ಳಲಿ. ಬಳೆದೀಪವನ್ನು ಚೀಲದ ಕೆಲಸಕ್ಕೆ ಇಳಿದ ಮೇಲೆ, ಕೈಯಲ್ಲಿ ಹಣವಿದ್ದರೆ ತರಿಸಬಹುದು. ಈ ಮಳೆಗಾಲಕ್ಕೆ ಮುನ್ನ ನಾನು ಕೊಳ್ಳಬೇಕಾಗಿರುವುದು ಹೊಸ ಅರಗಿನ ಹಳಕುಗಳನ್ನು ಮಾತ್ರ. ಹಳೆಯ ದ್ರಾವಣ ಒಣಗದೆ ಅಂಟಂಟಾಗಿಯೇ ಉಳಿಯತೊಡಗಿದೆ.