ಮೊದಲು ಹಳೆಯ ಕಥೆ ಹೇಳಿ, ಆಮೇಲೆ ಈ ಪುಸ್ತಕ ಕೊಡಿ

ಕ್ರಿಸ್ ಕೋಲ್ಫರ್ ಬರೆದ ‘ದಿ ಲ್ಯಾಂಡ್ ಆಫ್ ಸ್ಟೋರೀಸ್: ದಿ ವಿಶಿಂಗ್ ಸ್ಪೆಲ್’ 2012ರಲ್ಲಿ ಬಂದ ಇಂಗ್ಲಿಷ್ ಮಕ್ಕಳ ಕಾದಂಬರಿ. 400ಕ್ಕೂ ಹೆಚ್ಚು ಪುಟಗಳಿವೆ. 8ರಿಂದ 12 ವರ್ಷದ ಮಕ್ಕಳಿಗೆಂದು ಮಾರುತ್ತಾರೆ. ಓದುವ ಹುಚ್ಚಿರುವ ಮಗುವಿಗೆ ಧಾರಾಳವಾಗಿ ಕೊಡಿಸಬಹುದು. ಆದರೆ ಒಂದಿಷ್ಟು ಹಳೆಯ ಕಥೆಗಳನ್ನು ಮೊದಲೇ ಹೇಳಿರಬೇಕು. ಇಲ್ಲದಿದ್ದರೆ ಅರ್ಧಕ್ಕೇ ಮೂಲೆ ಸೇರುವ ಪುಸ್ತಕ ಇದು.

ಅಲೆಕ್ಸ್ ಮತ್ತು ಕಾನರ್ ಅವಳಿಗಳು. ಅಪ್ಪ ಕಾರು ಅಪಘಾತದಲ್ಲಿ ತೀರಿಕೊಂಡಿದ್ದಾನೆ, ಅಮ್ಮ ಆಸ್ಪತ್ರೆಯಲ್ಲಿ ನರ್ಸ್. 12ನೇ ಹುಟ್ಟುಹಬ್ಬಕ್ಕೆ ಅಜ್ಜಿ ಕೊಟ್ಟ ಕಥೆಪುಸ್ತಕ ಗುಂಯ್‌ಗುಡುತ್ತದೆ, ಬೆಳಗುತ್ತದೆ, ಮೇಲೆ ಬಿದ್ದ ಪೆನ್ಸಿಲ್ ನುಂಗುತ್ತದೆ, ಕೊನೆಗೆ ಮಕ್ಕಳಿಬ್ಬರನ್ನೂ ಒಳಗೆಳೆದುಕೊಳ್ಳುತ್ತದೆ. ಅಲ್ಲಿರುವುದು ಕಥೆಗಳೆಲ್ಲ ಮುಗಿದ ಮೇಲಿನ ಲೋಕ. ಸಿಂಡ್ರೆಲ್ಲಾ ಈಗ ರಾಣಿ, ಜೊತೆಗೆ ಬಸುರಿ. ರೆಡ್ ರೈಡಿಂಗ್ ಹುಡ್‌ಗೆ ತನ್ನದೇ ರಾಜ್ಯವಿದೆ, ತೋಳಗಳು ನುಗ್ಗದಂತೆ ಸುತ್ತ ಎತ್ತರದ ಗೋಡೆಯಿದೆ. ಗೋಲ್ಡಿಲಾಕ್ಸ್ ಕತ್ತಿ ಹಿಡಿದು ತಲೆಮರೆಸಿಕೊಂಡಿದ್ದಾಳೆ. ಅವಳ ಕುದುರೆಯ ಹೆಸರು ಪಾರಿಡ್ಜ್, ಅಂದರೆ ಗಂಜಿ. ಕರಡಿಗಳ ಮನೆಯಲ್ಲಿ ಗಂಜಿ ಕದ್ದು ಕುಡಿದ ಹುಡುಗಿಯ ಕಥೆ ಕೇಳಿರದ ಮಗು ಆ ಹೆಸರನ್ನು ಹಾಗೇ ದಾಟಿ ಹೋಗುತ್ತದೆ. ಇಂಥದ್ದು ಇಲ್ಲಿ ಹತ್ತಾರು ಕಡೆ ಇದೆ.

ವಾಪಸ್ ಮನೆ ಸೇರಬೇಕಾದರೆ 8 ವಸ್ತುಗಳನ್ನು ಕೂಡಿಹಾಕಬೇಕು: ಸಿಂಡ್ರೆಲ್ಲಾಳ ಗಾಜಿನ ಚಪ್ಪಲಿ, ಸ್ಲೀಪಿಂಗ್ ಬ್ಯೂಟಿಗೆ ಚುಚ್ಚಿದ ಕದಿರು, ಸ್ನೋ ವೈಟ್ ಶವಪೆಟ್ಟಿಗೆಯ ರತ್ನಗಳು, ರಪುಂಜಲ್‌ಳ ಕೂದಲು, ರೆಡ್ ರೈಡಿಂಗ್ ಹುಡ್ ಬುಟ್ಟಿಯ ತೊಗಟೆ, ಸಮುದ್ರದಾಳದ ಚೂರಿ, ಟ್ರೋಲ್ ಮತ್ತು ಗಾಬ್ಲಿನ್ ಎಂಬ ವಿಕಾರ ಜೀವಿಗಳ ಕಲ್ಲಿನ ಕಿರೀಟ, ಒಬ್ಬ ಫೇರಿಯ ಕಣ್ಣೀರು. ಪುಸ್ತಕ ಇವನ್ನು ಹೀಗೆ ನೇರವಾಗಿ ಹೇಳುವುದಿಲ್ಲ, ಪ್ರಾಸವಿಟ್ಟ ಒಗಟಾಗಿ ಕೊಡುತ್ತದೆ. ಅವಳಿಗಳಿಗಿಂತ ಮೊದಲೇ ಓದುವ ಮಗು ಬಿಡಿಸಿಬಿಟ್ಟರೆ ಅದಕ್ಕಿಂತ ಖುಷಿ ಬೇರೆಯಿಲ್ಲ. ಪುಸ್ತಕದ ಜೀವವೇ ಅಲ್ಲಿದೆ.

ಹೆಚ್ಚಿನ ಮಕ್ಕಳು ಮುಗ್ಗರಿಸುವುದು ಚೂರಿಯಲ್ಲಿ. ಮತ್ಸ್ಯಕನ್ಯೆಯ ಕಥೆಯನ್ನು ಕಾರ್ಟೂನ್ ಸಿನಿಮಾದಲ್ಲಷ್ಟೇ ನೋಡಿದವರಿಗೆ ಅದು ಎಲ್ಲಿಂದ ಬಂತು ಎಂಬುದೇ ತಿಳಿಯುವುದಿಲ್ಲ, ಏಕೆಂದರೆ ಸಿನಿಮಾ ಮದುವೆಯಲ್ಲಿ ಮುಗಿಯುತ್ತದೆ. ಡೆನ್ಮಾರ್ಕ್‌ನ ಲೇಖಕ ಆಂಡರ್ಸನ್ 1837ರಲ್ಲಿ ಪ್ರಕಟಿಸಿದ ಮೂಲದಲ್ಲಿ ರಾಜಕುಮಾರ ಬೇರೊಬ್ಬಳನ್ನು ಮದುವೆಯಾಗುತ್ತಾನೆ. ಅಕ್ಕಂದಿರು ತಮ್ಮ ಕೂದಲನ್ನು ಸಮುದ್ರದ ಮಾಟಗಾತಿಗೆ ಕೊಟ್ಟು ಚೂರಿ ತರುತ್ತಾರೆ. ಸೂರ್ಯ ಹುಟ್ಟುವ ಮೊದಲು ಅವನ ಎದೆಗೆ ಇರಿದರೆ ತಂಗಿ ಮತ್ತೆ ಮೀನಿನ ಬಾಲ ಪಡೆದು ಬದುಕುತ್ತಾಳೆ. ಅವಳು ಚೂರಿಯನ್ನು ನೀರಿಗೆಸೆದು ತಾನೇ ನೊರೆಯಾಗುತ್ತಾಳೆ. ಇಷ್ಟನ್ನು ಹಿಂದಿನ ರಾತ್ರಿಯೇ ಹೇಳಿಟ್ಟರೆ ಆ ಒಗಟಿನ ಸಾಲು ಕೂಡಲೇ ಹೊಳೆಯುತ್ತದೆ.

ಉಳಿದವುಗಳಲ್ಲೂ ಕಥೆಯ ಯಾವ ರೂಪ ಹೇಳುತ್ತೀರಿ ಎಂಬುದು ಮುಖ್ಯ. ಸಿಂಡ್ರೆಲ್ಲಾಳನ್ನು ಫ್ರೆಂಚ್ ಲೇಖಕ ಪೆರೋ 1697ರಲ್ಲಿ ಅಚ್ಚು ಹಾಕಿಸಿದಂತೆ ಹೇಳಿ. ಗಾಜಿನ ಚಪ್ಪಲಿ, ಕುಂಬಳಕಾಯಿ, ಫೇರಿ ಗಾಡ್‌ಮದರ್ ಎಲ್ಲ ಇರುವುದು ಅದರಲ್ಲಿ. ಜರ್ಮನಿಯ ಗ್ರಿಮ್ ಸಹೋದರರ ರೂಪದಲ್ಲಿ ಚಪ್ಪಲಿ ಚಿನ್ನದ್ದು, ಉಡುಗೆ ತಂದುಕೊಡುವುದು ಹಕ್ಕಿ. ರೆಡ್ ರೈಡಿಂಗ್ ಹುಡ್ ಮಾತ್ರ ಗ್ರಿಮ್‌ನದೇ ಆಗಬೇಕು, ಪೆರೋ ಕಥೆಯಲ್ಲಿ ತೋಳ ಅವಳನ್ನು ತಿಂದಲ್ಲಿಗೆ ಮುಗಿಯಿತು. ಜ್ಯಾಕ್ ಮತ್ತು ಹುರುಳಿ ಬಳ್ಳಿಯ ಕಥೆಯನ್ನೂ ಸೇರಿಸಿಕೊಳ್ಳಿ. ಕಿರೀಟಕ್ಕೆ ತಯಾರಿ ಬೇಡ, ಅದು ಯಾವ ಹಳೆಯ ಕಥೆಯಿಂದಲೂ ಬಂದದ್ದಲ್ಲ.

ಇನ್ನು ಕೊರತೆ. ನಡುವಿನ ಭಾಗ ಒಂದೇ ಅಚ್ಚಿನಲ್ಲಿ ಸಾಗುತ್ತದೆ: ಒಂದು ರಾಜ್ಯಕ್ಕೆ ಹೋಗು, ವಸ್ತು ಹುಡುಕು, ಸಿಕ್ಕಿಬೀಳು, ತಪ್ಪಿಸಿಕೊ. ಕೆಲವು ವಸ್ತುಗಳು ಸಲೀಸಾಗಿ ಕೈಸೇರುತ್ತವೆ. ಕಾನರ್ ಮಾಡಿದ ತಮಾಷೆಯನ್ನು ಮುಂದಿನ ಸಾಲಿನಲ್ಲೇ ವಿವರಿಸುವ ಚಾಳಿ ಲೇಖಕರಿಗಿದೆ. ಸಂಭಾಷಣೆಯೂ ಹಲವು ಕಡೆ ಸಪ್ಪೆ. ಅವಳಿಗಳ ಕೈಗೆ ಸಿಗುವ ದಿನಚರಿಯನ್ನು ಬರೆದವರು ಯಾರು ಎಂಬುದನ್ನು ಚುರುಕಾದ ಮಗು ಬಹಳ ಮೊದಲೇ ಊಹಿಸಿಬಿಡುತ್ತದೆ.

ಕೆಟ್ಟ ರಾಣಿಯ ಎಳೆ ಮಾತ್ರ ನಿಜಕ್ಕೂ ಚೆನ್ನಾಗಿದೆ. ಮುನ್ನುಡಿಯ ಅಧ್ಯಾಯದಲ್ಲಿ ಸ್ನೋ ವೈಟ್ ಸೆರೆಮನೆಗೆ ಇಳಿದು ಮಲತಾಯಿಯನ್ನು ‘ಯಾಕೆ ಹೀಗೆ ಮಾಡಿದೆ’ ಎಂದು ಕೇಳುತ್ತಾಳೆ. ಆ ಪ್ರಶ್ನೆಗೆ ಪೂರ್ತಿ ಉತ್ತರ ಸಿಗುವುದು ಕೊನೆಯ ಹೊತ್ತಿಗೆ, ಮತ್ತು ಆ ಉತ್ತರಕ್ಕೆ ತೂಕವಿದೆ. ಖಳರನ್ನು ಬರೀ ಖಳರಾಗಿ ಬಿಡದ ಈ ಧೈರ್ಯಕ್ಕಾಗಿಯೇ ಪುಸ್ತಕ ಕೊಳ್ಳಬೇಕು.

8 ವರ್ಷದವರ ಜೊತೆ ದೊಡ್ಡವರು ಕೂತು ದಿನಕ್ಕೊಂದು ಅಧ್ಯಾಯ ಗಟ್ಟಿಯಾಗಿ ಓದುವುದು ಒಳ್ಳೆಯದು. ತೋಳಗಳ ಹಿಂಡು ಬರುವ ಪುಟಗಳನ್ನು ಮಲಗುವ ಹೊತ್ತಿಗೆ ಇಟ್ಟುಕೊಳ್ಳಬೇಡಿ. 10 ದಾಟಿದವರು ತಾವೇ ಓದಿಕೊಳ್ಳುತ್ತಾರೆ. ಇತ್ತೀಚೆಗೆ ಮನೆಯಲ್ಲಿ ಯಾರನ್ನಾದರೂ ಕಳೆದುಕೊಂಡ ಮಗುವಾದರೆ ಮೊದಲ ಅಧ್ಯಾಯಗಳನ್ನು ನೀವು ಮುಂಚೆ ಓದಿ ನೋಡಿ. ಅಪ್ಪನಿಲ್ಲದ ಮನೆಯ ವಿವರ ನೇರವಾಗಿ ನಾಟುವಂತಿದೆ. ಆಡಿಯೋ ಪುಸ್ತಕವೂ ಇದೆ, ಓದಿರುವುದು ಲೇಖಕರೇ. ಮೂಲತಃ ನಟರಾದ್ದರಿಂದ ಪಾತ್ರಕ್ಕೊಂದು ದನಿ ಕೊಡುತ್ತಾರೆ, ಆದರೆ ಅಮೆರಿಕದ ಉಚ್ಚಾರ ರೂಢಿಯಿಲ್ಲದ ಮಕ್ಕಳು ಪುಟ ತೆರೆದಿಟ್ಟುಕೊಂಡೇ ಕೇಳಬೇಕಾದೀತು.

ಕನ್ನಡ ಮನೆಗಳಿಗೆ ಒಂದು ಜೋಡಿ ಓದು: ಎ.ಕೆ. ರಾಮಾನುಜನ್ ಸಂಗ್ರಹಿಸಿದ ‘ಹಂಚಿ’. ಚಿನ್ನದ ಕೂದಲಿನ ಹುಡುಗಿ ಮುಖಕ್ಕೆ ಮಣ್ಣಿನ ಮುಖವಾಡ ಹಾಕಿಕೊಂಡು ಮನೆ ಬಿಡುವ ನಮ್ಮ ಸಿಂಡ್ರೆಲ್ಲಾ ಕಥೆ. ಮನೆ ಬಿಡಲು ಕಾರಣ ಅವಳ ಅಣ್ಣನ ಕಣ್ಣೇ ಅವಳ ಮೇಲೆ ಬಿದ್ದದ್ದು, ಹಾಗಾಗಿ ಚಿಕ್ಕವರಿಗೆ ಆ ಭಾಗವನ್ನು ತಿದ್ದಿ ಹೇಳಬೇಕು.

ಸರಣಿ 2017ರವರೆಗೆ ಒಟ್ಟು 6 ಪುಸ್ತಕ. ಮೊದಲನೆಯದರ ಮುಖ್ಯ ಕಥೆ ಅದರಲ್ಲೇ ಮುಗಿಯುವುದರಿಂದ 6ನ್ನೂ ಒಟ್ಟಿಗೆ ಕೊಳ್ಳುವ ಅಗತ್ಯವಿಲ್ಲ. 4ನೆಯದು ಆಜ್, ನೆವರ್‌ಲ್ಯಾಂಡ್, ವಂಡರ್‌ಲ್ಯಾಂಡ್ ಎಂಬ ಬೇರೆ ಪುಸ್ತಕಗಳ ಲೋಕಗಳಿಗೆ ಹೋಗುತ್ತದೆ. ಅದಕ್ಕೆ ಮತ್ತೆ ಬೇರೆಯದೇ ಕಥೆಗಳ ತಯಾರಿ ಬೇಕು.