ಲಿಥಿಯಂ 300 ಮಿ.ಗ್ರಾಂ ಮಾತ್ರೆ: ಕೊಡಗಿನ ಮನೆಗಳಿಗೆ ಎಷ್ಟು ಹೊಂದುತ್ತದೆ?

ಉನ್ಮಾದ, ಖಿನ್ನತೆ ಎರಡೂ ಬಂದುಹೋಗುವ ಬೈಪೋಲಾರ್ ಕಾಯಿಲೆಯಲ್ಲಿ ಮಾತು ಮಿತಿಮೀರಿ ನಿದ್ದೆ ಬೇಡವೆನಿಸುವ ಉನ್ಮಾದಕ್ಕೆ, ಅಂದರೆ ಮೇನಿಯಾಕ್ಕೆ, ಲಿಥಿಯಂ ಹಳೆಯ ಔಷಧಿ. ಅದರ ಗುಣವನ್ನು ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ ವರದಿ ಮಾಡಿದ್ದು 1949ರಲ್ಲಿ. ಉನ್ಮಾದ ಮತ್ತೆ ಮತ್ತೆ ಬರುವವರಿಗೆ ಈಗಲೂ ನಮ್ಮ ಮೊದಲ ಆಯ್ಕೆ ಇದೇ. ಬೆಲೆ ಕಡಿಮೆ, ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲೂ ಇದೆ. ಆದರೆ ರಕ್ತ ಪರೀಕ್ಷೆ ಮಾಡಿಸಲು ಆಗದ ಮನೆಗೆ ಇದು ಬೇಡ. ರಕ್ತದಲ್ಲಿ ಲಿಥಿಯಂ ಗುಣ ಮಾಡುವ ಮಟ್ಟಕ್ಕೂ ವಿಷವಾಗುವ ಮಟ್ಟಕ್ಕೂ ಅಂತರ ತೀರಾ ಕಿರಿದು.

ಮಾತ್ರೆ ಶುರುಮಾಡಿದ ಮರುದಿನವೇ ಮಾತು ಇಳಿಯುತ್ತದೆ, ನಿದ್ದೆ ಬರುತ್ತದೆ ಎಂದು ಕಾಯಬೇಡಿ. ಲಿಥಿಯಂ ಹಿಡಿಯಲು ಒಂದೆರಡು ವಾರ ಬೇಕು. ಅದಕ್ಕೇ ಉನ್ಮಾದ ಜೋರಾಗಿರುವಾಗ ವೈದ್ಯರು ಒಲಾಂಜಪೈನ್ ಅಥವಾ ರಿಸ್ಪೆರಿಡೋನ್‌ನಂಥದ್ದನ್ನು ಜೊತೆಗೆ ಕೊಡುತ್ತಾರೆ. ಖಿನ್ನತೆಗೆಂದು ಹಿಂದೆ ಬರೆದುಕೊಟ್ಟ ಮಾತ್ರೆ ಇನ್ನೂ ನಡೆಯುತ್ತಿದ್ದರೆ ಅದನ್ನು ಮೊದಲು ತೋರಿಸಿ. ಅದೇ ಉನ್ಮಾದವನ್ನು ಕೆರಳಿಸುತ್ತಿರಬಹುದು.

ಪರೀಕ್ಷೆಯಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ಸಮಯದ ವಿಷಯಕ್ಕೆ. ಕೊನೆಯ ಮಾತ್ರೆ ನುಂಗಿ 12 ಗಂಟೆಗೆ ರಕ್ತ ಕೊಡಬೇಕು. ರಾತ್ರಿ 9ಕ್ಕೆ ತೆಗೆದುಕೊಂಡರೆ ಬೆಳಿಗ್ಗೆ 9ಕ್ಕೆ, ಬೆಳಗಿನ ಮಾತ್ರೆ ನುಂಗುವ ಮೊದಲು. ನುಂಗಿ ಹೋದರೆ ಅಂಕಿ ಸುಳ್ಳೇ ಹೆಚ್ಚು ತೋರಿಸುತ್ತದೆ. ಹಸಿರು ಮುಚ್ಚಳದ ಟ್ಯೂಬ್‌ಗಳಲ್ಲಿ ಕೆಲವಕ್ಕೆ ರಕ್ತ ಹೆಪ್ಪುಗಟ್ಟದಂತೆ ಲಿಥಿಯಂ ಹೆಪಾರಿನ್ ಹಾಕಿರುತ್ತಾರೆ. ಅದರಲ್ಲಿ ರಕ್ತ ಹಿಡಿದರೂ ಇದೇ ಗತಿ, ಹಾಗಾಗಿ ‘ಲಿಥಿಯಂ ಲೆವೆಲ್’ ಎಂದು ಸ್ಪಷ್ಟವಾಗಿ ಹೇಳಿ. ಉನ್ಮಾದದ ಹೊತ್ತಿನಲ್ಲಿ ಲೀಟರಿಗೆ 0.8ರಿಂದ 1.2 ಮಿಲಿಮೋಲ್, ತಣಿದ ಮೇಲೆ 0.6ರಿಂದ 1.0 ಸಾಮಾನ್ಯ ಗುರಿ. 1.5 ದಾಟಿದರೆ ಅಪಾಯ. ಪ್ರಮಾಣ ಬದಲಿಸಿದಾಗಲೆಲ್ಲ ವಾರದ ಮೇಲೆ ಪರೀಕ್ಷೆ, ಮಟ್ಟ ಸ್ಥಿರವಾದ ಮೇಲೆ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ. ಥೈರಾಯ್ಡ್, ಕ್ರಿಯಾಟಿನಿನ್ (ಕಿಡ್ನಿಯ ಪರೀಕ್ಷೆ), ಕ್ಯಾಲ್ಸಿಯಂ ಆರು ತಿಂಗಳಿಗೊಮ್ಮೆ. ಸ್ಯಾಂಪಲ್ಲನ್ನು ಊರಾಚೆ ಕಳಿಸುವ ಲ್ಯಾಬ್ ಆದರೆ ವರದಿ ಯಾವ ದಿನ ಕೈಗೆ ಬರುತ್ತದೆಂದು ಮೊದಲೇ ಕೇಳಿಕೊಳ್ಳಿ.

ನಮ್ಮ ಜಿಲ್ಲೆಯಲ್ಲಿ ಈ ಮಟ್ಟವನ್ನು ಏರುಪೇರು ಮಾಡುವುದು ದಿನನಿತ್ಯದ ಸಂಗತಿಗಳೇ. ಕಾಫಿಯನ್ನೇ ನೋಡಿ. ಕೆಫೀನ್ ಲಿಥಿಯಂ ಅನ್ನು ಮೂತ್ರದಲ್ಲಿ ಹೆಚ್ಚಾಗಿ ಹೊರಹಾಕಿಸುತ್ತದೆ. ದಿನಕ್ಕೆ ಐದಾರು ಲೋಟ ಕುಡಿಯುವವರು ‘ನಿದ್ದೆಗೆಡುತ್ತದೆ’ ಎಂದು ಒಮ್ಮೆಲೇ ಬಿಟ್ಟರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ಕಾಫಿ ಕಡಿಮೆ ಮಾಡುವುದು ಒಳ್ಳೆಯದೇ, ಆದರೆ ವೈದ್ಯರಿಗೆ ತಿಳಿಸಿ ವಾರಕ್ಕೊಂದು ಲೋಟದಂತೆ ಇಳಿಸಿ. ಫೆಬ್ರವರಿ–ಮಾರ್ಚಿನಲ್ಲಿ ಸ್ಪ್ರಿಂಕ್ಲರ್ ಪೈಪು ಹೊತ್ತು ಬಿಸಿಲಲ್ಲಿ ಬೆವರುವಾಗ ನೀರು ಕಡಿಮೆಯಾದರೂ ಹೀಗೇ ಏರುತ್ತದೆ. ಬಿ.ಪಿ. ಎಂದು ಉಪ್ಪನ್ನು ತಟ್ಟನೆ ಬಿಡುವುದೂ ಬೇಡ. ಎಲ್ಲಕ್ಕಿಂತ ಹೆಚ್ಚು ಭಯ ನಮಗೆ ಸೊಂಟನೋವಿನ ಮಾತ್ರೆಯದ್ದು. ಮೆಡಿಕಲ್ ಶಾಪಿನಲ್ಲಿ ಕೇಳಿದ ಕೂಡಲೇ ಸಿಗುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಕಿಡ್ನಿಯಲ್ಲಿ ಲಿಥಿಯಂ ಅನ್ನು ತಡೆಹಿಡಿಯುತ್ತವೆ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಕೆಲವು ಬಿ.ಪಿ. ಮಾತ್ರೆಗಳೂ ಇದನ್ನೇ ಮಾಡುತ್ತವೆ, ಚೀಟಿ ತೋರಿಸಿ ಕೇಳಿ.

ಬೆರಳು ಸಣ್ಣಗೆ ನಡುಗುವುದು, ಬಾಯಾರಿಕೆ, ಪದೇಪದೇ ಮೂತ್ರ ಬಹಳ ಜನರಿಗೆ ಇರುತ್ತದೆ. ಲೋಟ ಹಿಡಿದರೆ ಚೆಲ್ಲುವಷ್ಟು ನಡುಕ, ವಾಂತಿ-ಭೇದಿ, ತೊದಲು ಮಾತು, ತೂರಾಡುವ ನಡಿಗೆ, ಮಂಪರು ಬಂದರೆ ಅದು ಬೇರೆಯೇ ವಿಷಯ. ಮುಂದಿನ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಹೊರಡಿ. ಕುಡಿದಿರಬೇಕು ಎಂದುಕೊಂಡು ಮಲಗಿಸಿಬಿಡುವುದು ಇಲ್ಲಿ ಆಗುವ ದೊಡ್ಡ ತಪ್ಪು, ಪ್ರಾಣಕ್ಕೇ ಬರಬಹುದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು, ಬರೆ ಕುಸಿದು ರಸ್ತೆ ಮುಚ್ಚುವ ಊರುಗಳಲ್ಲಿ ಎರಡು ವಾರದ ಮಾತ್ರೆ ಹೆಚ್ಚಿಗೆ ಇರಲಿ. ಇಟ್ಟುಕೊಳ್ಳುವವರು ರೋಗಿಯಲ್ಲ, ಮನೆಯ ಇನ್ನೊಬ್ಬರು. ಉನ್ಮಾದ ಇಳಿದ ಬೆನ್ನಿಗೆ ಖಿನ್ನತೆ ಬರಬಹುದು, ಒಂದೇ ಸಲ ಹೆಚ್ಚು ನುಂಗಿದರೆ ಲಿಥಿಯಂ ಕೊಲ್ಲುತ್ತದೆ. ಕೋವಿ ಇರುವ ಮನೆಗಳಿಗಂತೂ ಇದನ್ನು ಒತ್ತಿ ಹೇಳಬೇಕು: ಕೋವಿ ಒಂದು ಕಡೆ, ತೋಟಾ ಇನ್ನೊಂದು ಕಡೆ ಬೀಗದೊಳಗೆ, ಬೀಗದ ಕೈ ಬೇರೆಯವರ ಹತ್ತಿರ. ತೋಟಕ್ಕೆ ಹೊಡೆಯುವ ಔಷಧಿಯೂ ಹಾಗೆಯೇ.

ಮಾತ್ರೆ ಸಾಲುತ್ತಿಲ್ಲ ಎಂಬುದಕ್ಕೆ ಮೊದಲ ಸುಳಿವು ನಿದ್ದೆ. ಮೂರು ಗಂಟೆ ಮಲಗಿ ಎದ್ದು ದಣಿವೇ ಇಲ್ಲ ಎನ್ನುವುದು ಎರಡು ರಾತ್ರಿ ಕಂಡರೆ ಫೋನ್ ಮಾಡಿ, ವಾರ ಕಾಯಬೇಡಿ. ಕಾಫಿ ಮಾರಿದ ದುಡ್ಡು ಕೈಯಲ್ಲಿರುವಾಗ ಜೀಪಿಗೆ ಅಡ್ವಾನ್ಸ್ ಕೊಡುವುದು, ತೋಟವನ್ನೇ ಮಾರುವ ಮಾತಿಗೆ ಕೂರುವುದು ಆಮೇಲೆ ಬರುತ್ತದೆ. ದೊಡ್ಡ ಮೊತ್ತಕ್ಕೆ ಇಬ್ಬರ ಸಹಿ ಬೇಕೆಂದು ಆರೋಗ್ಯ ಚೆನ್ನಾಗಿರುವಾಗಲೇ ರೋಗಿಯನ್ನು ಒಪ್ಪಿಸಿಟ್ಟುಕೊಳ್ಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ದಾರಿ ಹೇಳುತ್ತಾರೆ, ಆದರೆ ರಕ್ತ ತೆಗೆಯಲು, ಸೇರಿಸಿಕೊಳ್ಳಲು ಆಸ್ಪತ್ರೆಯೇ ಬೇಕು. ಅದಕ್ಕೆ ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ರೋಗಿ ಒಪ್ಪದಿದ್ದರೂ ಅಪಾಯವಿದ್ದಾಗ ನಾಮನಿರ್ದೇಶಿತ ಪ್ರತಿನಿಧಿಯ (ರೋಗಿಯ ಪರವಾಗಿ ನಿಲ್ಲಲು ಗೊತ್ತಾದವರ) ಅರ್ಜಿಯ ಮೇಲೆ, ವೈದ್ಯರ ತಪಾಸಣೆಯ ನಂತರ 30 ದಿನದವರೆಗೆ ದಾಖಲಿಸಿಕೊಳ್ಳಲು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಅವಕಾಶವಿದೆ.

ಇನ್ನೊಂದು, ಔಷಧಿಯನ್ನು ನಿಧಾನವಾಗಿ ಬಿಡುವ 400 ಮಿ.ಗ್ರಾಂ ಎಸ್‌ಆರ್ ಮಾತ್ರೆಯನ್ನು ಪುಡಿ ಮಾಡಬೇಡಿ, ಅಂಗಡಿಯವರು ಅದರ ಬದಲು ಸಾದಾ ಮಾತ್ರೆ ಕೊಟ್ಟರೆ ಒಪ್ಪಬೇಡಿ. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗುವುದು ಬೇಡ. ಗರ್ಭ ಧರಿಸುವ ಯೋಚನೆ ಇದ್ದರೆ ಮೊದಲೇ ವೈದ್ಯರ ಹತ್ತಿರ ಮಾತಾಡಿ. ಚೆನ್ನಾಗಿದ್ದೇನೆ ಎಂದು ಥಟ್ಟನೆ ನಿಲ್ಲಿಸಿದರೆ ಉನ್ಮಾದ ಮೊದಲಿಗಿಂತ ಬೇಗ ತಿರುಗಿ ಬರುತ್ತದೆ. ನಿಲ್ಲಿಸಲೇಬೇಕಾದರೆ ವೈದ್ಯರ ಕೈಕೆಳಗೆ ಕನಿಷ್ಠ ನಾಲ್ಕು ವಾರ, ಸಾಧ್ಯವಾದರೆ ಮೂರು ತಿಂಗಳು ತೆಗೆದುಕೊಂಡು ಇಳಿಸಿ, ಅದೂ ಕಾಫಿ ಕುಯ್ಲಿನ ಗಡಿಬಿಡಿಯಲ್ಲಿ ನಿದ್ದೆ ಕೆಡುವ ತಿಂಗಳುಗಳನ್ನು ಬಿಟ್ಟು.